‘ಇಲ್ಲಿ ಹೆಂಗೆ?’ ಎನ್ನುತ್ತಿದ್ದ ದೊರೆಸಾನಿ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಮೂರು ಕೆಜಿ ತೂಕ, ತಲೆ ತುಂಬ ಕೂದಲು, ಅಳುವುದಕ್ಕೆ ಶುರು ಮಾಡಿದರೆ ಆಚೆ ಬೀದಿಯವರೂ ಕಿಟಕಿ ತೆಗೆಯಬೇಕು. ಇವತ್ತಿಗೆ ಹನ್ನೊಂದು ದಿನ. ಈ ಹನ್ನೊಂದು ದಿನದಲ್ಲಿ ವಿನೋಬನಗರದ ನಮ್ಮ ಬೀದಿಗೆ ಬಂದ ಹಾಲಿನವನು, ಹೂವಿನವಳು, ಕರೆಂಟು ಮೀಟರ್ ನೋಡಲು ಬಂದವನು, ಒಬ್ಬರನ್ನೂ ನಾನು ಬಾಯಿಗೆ ಸಕ್ಕರೆ ಹಾಕದೆ ಕಳಿಸಿಲ್ಲ. "ಮಾರಾಯ್ತಿ, ಹಾಲಿನವನಿಗೆ ನಿನ್ನೇನೂ ಕೊಟ್ಟೆ, ಮೊನ್ನೇನೂ ಕೊಟ್ಟೆ. ಅವನಿಗೆ ಸಕ್ಕರೆ ಕಾಯಿಲೆ ಬರ್ಸಿಬಿಡ್ತೀಯ" ಎಂದು ನಮ್ಮ ಯಜಮಾನರು ನಗುತ್ತಾರೆ.

ಇವತ್ತು ಇನ್ನೊಂದು ಖುಷಿಯಾಯಿತು. ಅದನ್ನು ಹೇಗೆ ಹೇಳಬೇಕೋ ತಿಳಿಯುತ್ತಿಲ್ಲ. ಸೊಸೆ ಹೇತಲ್ ಗುಜರಾತಿನ ಕಛ್ ಕಡೆಯವಳು. ನನ್ನ ಮಗ ಮಂಜುನಾಥ ಅಲ್ಲಿಯ ಬಂದರಿನಲ್ಲಿ ಕ್ರೇನ್ ಓಡಿಸುತ್ತಾನೆ, ಇವಳು ಅಲ್ಲೇ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಒಬ್ಬರಿಗೊಬ್ಬರು ಒಪ್ಪಿ ರಿಜಿಸ್ಟರ್ ಮದುವೆ ಆದರು. ಅವತ್ತು ಮಾತು ಬಿಟ್ಟ ಅವಳ ತಾಯಿ ಎರಡು ವರ್ಷ ಮಗಳ ಫೋನ್ ಎತ್ತಲಿಲ್ಲ. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು. ಇವಳಿಗೆ ತವರಿನ ಬಾಗಿಲೇ ಮುಚ್ಚಿತ್ತು. ಅದಕ್ಕೇ ಏಳು ತಿಂಗಳು ತುಂಬುತ್ತಲೇ ನಾನು ಇಲ್ಲಿಗೆ ಕರೆಸಿಕೊಂಡೆ. ನಾನು ಎಷ್ಟು ಮಾಡಿ ಹಾಕಿದರೂ ತುತ್ತು ಕೈಯಲ್ಲಿ ಹಿಡಿದು ಗೋಡೆ ನೋಡುತ್ತ ಕೂರುವಳು. ಮಗು ಹುಟ್ಟಿದ ಸುದ್ದಿ ಮುಟ್ಟಿದ ಮೇಲೆ ಆ ತಾಯಿ ರೈಲು ಹತ್ತಿದರು. ಬರುವುದೇನೋ ಸರಿ, ಬಂದು ಮಗಳನ್ನು ಒಪ್ಪಿಕೊಳ್ಳುತ್ತಾರೋ, ಬೈದು ಹೋಗಲಿಕ್ಕೇ ಬರುತ್ತಿದ್ದಾರೋ, ಅದು ಯಾರಿಗೂ ಗೊತ್ತಿರಲಿಲ್ಲ.

ಬೆಳಿಗ್ಗೆ ಬಂದರು. ಮಗುವನ್ನು ನೋಡಿ ಒಂದು ಮಾತಾಡಿದರು. ಆ ಮಾತಿಗೆ ಮನೆಯಲ್ಲಿ ಗಲಾಟೆಯೇ ಎದ್ದಿತು. ನನಗೆ ಮಾತ್ರ, ಇಪ್ಪತ್ತೆಂಟು ವರ್ಷದ ಹಿಂದೆ ಭದ್ರಾವತಿಯಿಂದ ಹೋದ ಒಬ್ಬ ಹೆಂಗಸು ತಿರುಗಿ ಬಂದು ನಮ್ಮ ನಡುಮನೆಯಲ್ಲಿ ನಿಂತ ಹಾಗಾಯಿತು. ಆಕೆಯ ವಿಷಯ ಬರೆಯದೆ ಈ ಖುಷಿ ಪೂರ್ತಿ ಆಗುವುದಿಲ್ಲ.

ಆಕೆಯ ಹೆಸರು ಬರೆಯುವುದಿಲ್ಲ. ಭದ್ರಾವತಿಯಲ್ಲಿ ನಾವು ಯಾರೂ ಹೆಸರು ಹಿಡಿದು ಕರೆದವರಲ್ಲ, ದೊರೆಸಾನಿ ಎನ್ನುತ್ತಿದ್ದೆವು. ಗಂಡ ಹೊರದೇಶದ ಎಂಜಿನಿಯರು, ಕಾರ್ಖಾನೆಗಳಲ್ಲಿ ದೊಡ್ಡ ಮಿಷನ್ನು ಕೂರಿಸುವ ಕೆಲಸ. ಎಲ್ಲಿ ಮಿಷನ್ನೋ ಅಲ್ಲಿ ಮನೆ. ಮೊದಲು ಕಛ್‌ನಲ್ಲಿ ಮೂರು ವರ್ಷ, ಆಮೇಲೆ ತಮಿಳುನಾಡಿನಲ್ಲಿ ಎರಡು ವರ್ಷ, ಆಮೇಲೆ ನಮ್ಮ ಭದ್ರಾವತಿ. ನಮ್ಮ ಯಜಮಾನರು ಆಗ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸದಲ್ಲಿದ್ದರು. ನಾವು ಇದ್ದದ್ದು ಕೂಲಿ ಲೈನಿನಲ್ಲಿ, ಒಂದು ಕೋಣೆ, ಒಂದು ಒಲೆ. ನಾನು ಕ್ವಾರ್ಟರ್ಸ್ ಮನೆಗಳಿಗೆ ಹೋಗಿ ಹಸುಗೂಸುಗಳಿಗೆ ಎಣ್ಣೆ ಹಚ್ಚಿ ಎರೆಯುತ್ತಿದ್ದೆ. ತಮಿಳರು, ತೆಲುಗರು, ಮಲೆಯಾಳಿಗಳು, ನಮ್ಮವರು, ಎಲ್ಲರ ಮಕ್ಕಳೂ ನನ್ನ ಮೊಣಕಾಲ ಮೇಲೆ ಮಲಗಿ ಎದ್ದವರೇ. ನನ್ನವು ಎರಡು ಮಕ್ಕಳು ನನ್ನ ಕೈಯಲ್ಲಿ ನಿಲ್ಲಲಿಲ್ಲ. ಆದರೂ ಊರ ಮಕ್ಕಳನ್ನು ಎರೆಯುತ್ತಿದ್ದೆ. ಅದೊಂದು ಕೆಲಸ ನನಗೆ ಬರುತ್ತಿತ್ತು.

ಒಂದು ದಿನ ನಾನು ಒಂದು ಕ್ವಾರ್ಟರ್ಸಿನ ಹಿತ್ತಲಲ್ಲಿ ಕಾಲು ಚಾಚಿ ಕೂತು ಮಗುವಿಗೆ ನೀರು ಹುಯ್ಯುತ್ತಿದ್ದರೆ, ಬೇಲಿಯಾಚೆ ಒಂದು ಕೆಂಪು ಮುಖ ಕಾಣಿಸಿತು. ಕಣ್ಣು ನೀಲಿ, ಆ ನೀಲಿ ಕಣ್ಣಿಗೆ ದಪ್ಪ ಕಾಡಿಗೆ. ತಲೆಯಲ್ಲಿ ತಮಿಳರ ಹಾಗೆ ಮೊಳ ಮಲ್ಲಿಗೆ. ಸೀರೆಯ ಸೆರಗು ಮಾತ್ರ ಹಿಂದಿನಿಂದ ಬಲಹೆಗಲ ಮೇಲೆ ಮುಂದಕ್ಕೆ ಬಂದಿತ್ತು. ನೀರು ಹುಯ್ಯುವುದನ್ನು ಮರೆತು ನೋಡಿದೆ. ಆಕೆ ಬೆರಳು ಮಡಿಸಿ ನಾನು ಎಷ್ಟು ಚೊಂಬು ಹುಯ್ದೆ ಎಂದು ಎಣಿಸುತ್ತಿದ್ದರು. ಆಮೇಲೆ ಕೇಳಿದರು: "ಇಲ್ಲಿ ಹೆಂಗೆ? ಬಿಸಿ ನೀರು? ಎಷ್ಟು ಬಿಸಿ?"

ಆ "ಇಲ್ಲಿ ಹೆಂಗೆ?" ಎನ್ನುವುದೇ ಅವರು ಕಲಿತ ಮೊದಲ ಕನ್ನಡ. ಆ ವಾರವೇ ನನ್ನನ್ನು ಮನೆಗೆಲಸಕ್ಕೆ ಕರೆದರು. ನಾನು ಹೋದ ದಿನದಿಂದ ಆ ಪ್ರಶ್ನೆಗೆ ಉತ್ತರ ಹೇಳುವುದೇ ನನ್ನ ಅರ್ಧ ಕೆಲಸವಾಯಿತು. ಶುಕ್ರವಾರ ಕಸ ಹೊರಗೆ ಹಾಕಬಹುದೋ? ಇಲ್ಲಿ ಹೆಂಗೆ? ಮನೆಗೆ ಬಂದವರಿಗೆ ಮೊದಲು ನೀರೋ, ಕಾಫಿಯೋ? ಇಲ್ಲಿ ಹೆಂಗೆ? ಸತ್ತವರ ಮನೆಗೆ ಹೋದರೆ ಬರುವಾಗ ಹೇಳಿ ಬರಬೇಕೋ, ಹೇಳದೆ ಬರಬೇಕೋ? ನಾನು ಹೇಳಿದ್ದನ್ನೆಲ್ಲ ಒಂದು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುವರು. ನಾಲ್ಕನೇ ಕ್ಲಾಸಿಗೆ ಬಿಟ್ಟವಳು ನಾನು. ನಾನು ಹೇಳಿದ್ದನ್ನು ಒಬ್ಬರು ಬರೆದುಕೊಳ್ಳುತ್ತಾರೆ ಎಂದರೆ ನನಗೆ ಒಂದು ಕಡೆ ಹೆಮ್ಮೆ, ಇನ್ನೊಂದು ಕಡೆ ಭಯ. ತಪ್ಪು ಹೇಳಿದರೆ ಅದೂ ಬರೆದುಹೋಗುತ್ತದಲ್ಲ.

ಅವರ ಕಷ್ಟ ಏನೆಂದರೆ, ಒಂದು ಊರಿನದು ಕಲಿತು ಮುಗಿಸುವ ಹೊತ್ತಿಗೆ ಗಂಡನಿಗೆ ಇನ್ನೊಂದು ಊರು. ಕಲಿತದ್ದನ್ನು ಬಿಡಲು ಮನಸ್ಸಿಲ್ಲ. ಸಾರಿಗೆ ಕಛ್‌ನವರ ಹಾಗೆ ಬೆಲ್ಲ ಹಾಕುವರು, ಅನ್ನದ ಮೇಲೆ ತಮಿಳರ ಹಾಗೆ ಹಪ್ಪಳ ಪುಡಿ ಮಾಡುವರು, ಆಮೇಲೆ ನಮ್ಮ ಅಕ್ಕಿ ರೊಟ್ಟಿಯನ್ನು ಅದರಲ್ಲಿ ಅದ್ದುವರು. ಸಂಕ್ರಾಂತಿ ದಿನ ನಾನು ಹೋದರೆ ಅಂಗಳದಲ್ಲಿ ಪೊಂಗಲ್ ಮಡಕೆ ಉಕ್ಕುತ್ತಿದೆ, ತಟ್ಟೆಯಲ್ಲಿ ಎಳ್ಳು ಬೆಲ್ಲ ಇದೆ, ದೊರೆಸಾನಿ ತಾರಸಿಯ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಗಾಳಿಪಟ ಹಾರಿಸುತ್ತಿದ್ದಾರೆ! ಪಕ್ಕದ ಮನೆಯ ಸೆಲ್ವಿ ಕಾಂಪೌಂಡಿನ ಮೇಲೆ ಕೈಯಿಟ್ಟು ಕೂಗಿದಳು: "ಅಮ್ಮಾ, ಒಂದಾದ್ರೂ ಬಿಡಿ! ದೇವ್ರಿಗೆ ಕನ್‌ಫ್ಯೂಸ್ ಆಗುತ್ತೆ!"

"ದೇವರಿಗೆ ಗೊತ್ತು," ಎಂದರು ದೊರೆಸಾನಿ ಮೇಲಿನಿಂದ. "ನನಗೇ ಕನ್‌ಫ್ಯೂಸ್."

ಒಂದು ಭಾನುವಾರ ಗಂಡ ಹೆಂಡತಿ ಜೀಪಿನಲ್ಲಿ ನನ್ನನ್ನೂ ಸಕ್ರೆಬೈಲಿಗೆ ಕರೆದುಕೊಂಡು ಹೋದರು. ಆನೆಗಳನ್ನು ನೀರಿನಲ್ಲಿ ಅಡ್ಡ ಮಲಗಿಸಿ ಮಾವುತರು ಕಿವಿಯ ಹಿಂದೆಲ್ಲ ಉಜ್ಜುತ್ತಿದ್ದರು. ದೊರೆಸಾನಿ ನನ್ನ ರಟ್ಟೆ ಹಿಡಿದು ಎಳೆದರು: "ತಿಪ್ಪಮ್ಮ, ನೋಡು, ನಿನ್ನ ಕೆಲಸ! ನಿನ್ನ ಮಗು ದೊಡ್ಡದು!" ಮಾವುತರೆಲ್ಲ ನಕ್ಕರು. ನಾನೂ ನಕ್ಕೆ. ಆಗ ನನ್ನ ಹೊಟ್ಟೆಯಲ್ಲಿ ಮಂಜ ಐದು ತಿಂಗಳು. ನಾನು ಯಾರಿಗೂ ಹೇಳಿರಲಿಲ್ಲ, ದೊರೆಸಾನಿಗೂ ಹೇಳಿರಲಿಲ್ಲ. ಆದರೆ ಅವತ್ತು ಅವರು ನನ್ನನ್ನು ಕಲ್ಲಿನ ಮೇಲೆ ನಡೆಯಲು ಬಿಡಲಿಲ್ಲ, ಕೈ ಹಿಡಿದೇ ಇದ್ದರು. ಗೊತ್ತಿತ್ತೋ, ಸುಮ್ಮನೆ ಹಿಡಿದರೋ?

ಅವರ ವಿಷಯದಲ್ಲಿ ನನಗೆ ಯಾವಾಗಲೂ ಹೀಗೇ, ಗೊತ್ತಿದ್ದು ಮಾಡಿದರೋ ಗೊತ್ತಿಲ್ಲದೆ ಮಾಡಿದರೋ ತಿಳಿಯುತ್ತಿರಲಿಲ್ಲ. ಲೋಟದ ವಿಷಯ ನೋಡಿ. ಕೆಲಸದ ಎರಡನೇ ದಿನ ಒಂದು ಸ್ಟೀಲ್ ಲೋಟ ತಂದು ತೋರಿಸಿದರು. ಹಿಂದಿದ್ದ ಊರಿನಲ್ಲಿ ಅಡುಗೆಯವಳು, ಕೆಲಸದವರ ಲೋಟ ಬೇರೆ ಇಡಬೇಕು ಎಂದು ಹೇಳಿಕೊಟ್ಟಿದ್ದಳಂತೆ. "ಇಲ್ಲಿ ಹೆಂಗೆ?" ಎಂದರು. ನಾನು ನೆಲ ನೋಡುತ್ತ, "ಇಲ್ಲೂ ಹಂಗೇ ಅಮ್ಮಾವ್ರೇ" ಎಂದೆ. ನಾನು ಹೋಗುತ್ತಿದ್ದ ಎಲ್ಲ ಮನೆಯಲ್ಲೂ ನನ್ನ ಲೋಟ ಹಿತ್ತಲ ಕಿಟಕಿಯಲ್ಲಿ ಬೋರಲು ಬಿದ್ದಿರುತ್ತಿತ್ತು. ಸುಳ್ಳು ಹೇಳಲು ಆಗಲಿಲ್ಲ. "ಗುರುತು ಹೆಂಗೆ?" ಎಂದು ಕೇಳಿದರು. "ತಳಕ್ಕೆ ಮೊಳೆಯಲ್ಲಿ ಒಂದು ಗೀರು ಎಳೀತಾರೆ" ಎಂದೆ. ಅದನ್ನೂ ಬರೆದುಕೊಂಡರು.

ಮಾರನೇ ದಿನ ಎರಡು ಲೋಟದಲ್ಲಿ ಕಾಫಿ ತಂದು ಅಡುಗೆಮನೆಯ ನೆಲದ ಮೇಲೆ ನನ್ನ ಎದುರು ಕೂತರು. ನಾನು ನನ್ನ ಲೋಟ ಯಾವುದು ಎಂದು ತಳ ನೋಡಿದೆ. ಗೀರಿತ್ತು. ಅವರು ಕುಡಿಯುತ್ತ ತಮ್ಮದನ್ನು ಎತ್ತಿದಾಗ ನೋಡಿದೆ, ಅದರಲ್ಲೂ ಗೀರು! ಎರಡಕ್ಕೂ ಒಂದೇ ಗೀರು. "ಅಮ್ಮಾವ್ರೇ, ಒಂದಕ್ಕೆ ಮಾತ್ರ ಎಳೀಬೇಕು" ಎಂದೆ. "ಹೌದಾ?" ಎಂದು ಕಣ್ಣು ಅಗಲ ಮಾಡಿದರು. "ಅಯ್ಯೋ, ತಪ್ಪಾಯ್ತು." ಆದರೆ ಅಳಿಸಲಿಲ್ಲ, ಬೇರೆ ಲೋಟ ತರಲೂ ಇಲ್ಲ. ಇದ್ದ ಎರಡು ವರ್ಷ ಅದೇ ಎರಡು ಲೋಟ. ಯಾವುದು ಯಾರದು ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ಅವರ ಕೋಣೆಯ ಗೂಡಿನಲ್ಲಿ ಒಂದು ಮಗುವಿನ ಫೋಟೋ ಇತ್ತು. ಆರೇಳು ತಿಂಗಳ ಗಂಡು ಮಗು, ನಗುತ್ತಿತ್ತು. ಧೂಳು ಒರೆಸುವಾಗ, "ಯಾರು ಅಮ್ಮಾವ್ರೇ?" ಎಂದು ಕೇಳಿದೆ. "ನನ್ನದು. ಕಛ್‌ನಲ್ಲಿ," ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಚಂದ ಇತ್ತು. ನಾನು ಎಲ್ಲರಿಗೂ ಹೇಳಿದೆ. ದಿನಾ ಹೇಳಿದೆ. ಚಂದ, ಚಂದ, ಚಂದ" ಎಂದರು. ಮುಂದಿನದನ್ನು ಕೇಳುವುದು ಬೇಕಿರಲಿಲ್ಲ. ನಾನು ಎರಡು ಬೆರಳು ಎತ್ತಿ ನನ್ನ ಎದೆ ಮುಟ್ಟಿಕೊಂಡೆ. ಅವತ್ತು ಮೊರದ ತುಂಬ ಅವರೆಕಾಯಿ ಇತ್ತು. ಇಬ್ಬರೂ ಕೂತು ಅಷ್ಟೂ ಕಾಯಿ ಬಿಡಿಸಿದೆವು.

ಮಂಜ ಹುಟ್ಟಿದ. ಮೂರು ತಿಂಗಳು ಬಿಟ್ಟು ನಾನು ಕೆಲಸಕ್ಕೆ ಹೋದೆ, ಮಗುವನ್ನು ನನ್ನ ಅವ್ವ ನೋಡಿಕೊಳ್ಳುತ್ತಿದ್ದಳು. ಯಾರಿಗೂ ತೋರಿಸುತ್ತಿರಲಿಲ್ಲ. ಎರಡು ಹೋದ ಮೇಲೆ ಉಳಿದದ್ದು ಅದು, ನೆರಳು ಬಿದ್ದರೂ ನನಗೆ ಹೆದರಿಕೆ. ದೊರೆಸಾನಿ ದಿನಾ ಕೇಳುವರು, "ನೋಡಬಹುದಾ? ಇಲ್ಲಿ ಹೆಂಗೆ? ಎಷ್ಟು ತಿಂಗಳು ಆಗಬೇಕು?" ಐದು ತುಂಬಲಿ ಎಂದೆ. ಐದು ತುಂಬಿದ ದಿನ ಅವರೇ ಲೈನಿಗೆ ಬಂದರು. ಲೈನಿಗೆ ದೊರೆಸಾನಿ ಬಂದರು ಎಂದರೆ ಕೇಳಬೇಕೆ, ಬಾಗಿಲ ತುಂಬ ಜನ. ನಾನು ಮಂಜನಿಗೆ ಎರೆದು, ಹೊಸ ಅಂಗಿ ಹಾಕಿ, ಹೆಮ್ಮೆಯಿಂದ ಕೈಗೆ ಕೊಟ್ಟೆ.

ದೊರೆಸಾನಿ ನೋಡಿದರು. ಎಲ್ಲರಿಗೂ ಕೇಳುವ ಹಾಗೆ, ಬಾಯಿಪಾಠ ಮಾಡಿಕೊಂಡು ಬಂದವರ ಹಾಗೆ ಹೇಳಿದರು: "ಛೀ, ಎಂಥಾ ಕೆಟ್ಟ ಮಗು! ಕಪ್ಪು. ಮೂಗು ಚೆನ್ನಾಗಿಲ್ಲ. ಈ ಮಗು ಯಾರಿಗೂ ಬೇಡ."

ನಾನು ಮಗುವನ್ನು ಕಿತ್ತುಕೊಂಡೆ. ಯಜಮಾನರು ಎದ್ದು, "ಅಮ್ಮಾವ್ರೇ, ನೀವಿನ್ನು ಹೊರಡಿ" ಎಂದರು. ಅವರು ಹೋದ ಮೇಲೆ ನನ್ನ ಕಡೆ ತಿರುಗಿ, "ನಾಳೆಯಿಂದ ಆ ಮನೆ ಮೆಟ್ಲು ಹತ್ತಿದ್ರೆ ನೋಡು" ಎಂದರು. ಹತ್ತುವ ಮನಸ್ಸು ನನಗೂ ಇರಲಿಲ್ಲ. ಎರಡು ಬೆರಳು ಎತ್ತಿ ತೋರಿಸಿದ್ದೆನಲ್ಲ ಆಕೆಗೆ! ಎಲ್ಲ ಗೊತ್ತಿದ್ದೂ ಹೀಗೆ ಅನ್ನಬಹುದೇ?

ಒಂಬತ್ತು ದಿನ ಹೋಗಲಿಲ್ಲ. ಹತ್ತನೇ ದಿನ ಉರಿಬಿಸಿಲಿನಲ್ಲಿ ಅವರೇ ಬಂದು ಬಾಗಿಲಲ್ಲಿ ನಿಂತರು. ಕೈಯಲ್ಲಿ ಅದೇ ನೋಟ್ ಪುಸ್ತಕ. "ತಿಪ್ಪಮ್ಮ, ನನ್ನ ತಪ್ಪಾ? ಇಲ್ಲಿ ಹೆಂಗೆ?" ಎಂದರು. ಪುಟ ತಿರುಗಿಸಿದರು, ಮಾತು ಹುಡುಕಿದರು. "ನಿನ್ನ ಹೆಸರು... ತಿಪ್ಪೆ. ಹೌದಾ? ಕಛ್‌ನಲ್ಲಿ ಕಚರಾ. ನಿನ್ನ ಮಗು... ಕಚರಾ... ಒಂದೇ..."

ಕಚರಾ ಎಂದರೆ ಕಸ. ಅಷ್ಟು ನಮಗೂ ಗೊತ್ತು, ಬಜಾರಿನಲ್ಲಿ ಎಲ್ಲರೂ ಆಡುವ ಮಾತು. ನನ್ನ ಹೆಸರನ್ನೂ ನನ್ನ ಮಗುವನ್ನೂ ಒಟ್ಟಿಗೆ ಕಸ ಎನ್ನಲು ಇಷ್ಟು ದೂರ ನಡೆದು ಬಂದರೇ ಎಂದು ಸಿಟ್ಟು ನೆತ್ತಿಗೇರಿತು. ಈ ಹೆಸರಿನಿಂದಲೇ ಇಸ್ಕೂಲಿನಲ್ಲಿ ಮಕ್ಕಳು ಮೂಗು ಹಿಡಿದು ಆಡಿಸುತ್ತಿದ್ದವು, ಇದರಿಂದಲೇ ನಾನು ಇಸ್ಕೂಲು ಬಿಟ್ಟದ್ದು. ಅದಕ್ಕೇ ನನ್ನ ಮಗನಿಗೆ ದೇವರ ಹೆಸರು ಇಟ್ಟಿದ್ದೆ. ಅವರ ಮುಖದ ಮೇಲೆ ಬಾಗಿಲು ಹಾಕಿದೆ. ಸಂದಿಯಲ್ಲಿ ನೋಡಿದರೆ ಇನ್ನೂ ನಿಂತಿದ್ದರು, ಪುಸ್ತಕದಲ್ಲಿ ಏನನ್ನೋ ಹುಡುಕುತ್ತಿದ್ದರು.

ಆಮೇಲೆ ಮನೆ ನಡೆಯಬೇಕಲ್ಲ, ಕೆಲಸಕ್ಕೆ ಹೋದೆ. ಅವರೂ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕಾಫಿ ಮೊದಲಿನ ಹಾಗೇ ಬರುತ್ತಿತ್ತು. ನಾನು ಕುಡಿಯುತ್ತಿದ್ದೆ, ಆದರೆ ಗೋಡೆ ಕಡೆ ತಿರುಗಿ. ಆರು ತಿಂಗಳಿಗೆ ಗಂಡನಿಗೆ ಒರಿಸ್ಸಾ ಕಡೆ ಕೆಲಸ ಬಂತು. ಹೊರಡುವ ದಿನ ಆ ಎರಡು ಲೋಟ ನನ್ನ ಕೈಗೆ ಕೊಟ್ಟರು. ಭದ್ರಾವತಿ ಸ್ಟೇಷನ್ನಿಗೆ ನಾನು ಮಂಜನನ್ನು ಎತ್ತಿಕೊಂಡು ಹೋಗಿದ್ದೆ. ಯಾಕೆ ಹೋದೆ ಎಂದರೆ ಹೇಳಲಾರೆ. ರೈಲು ಬಂತು. ದೊರೆಸಾನಿ ಕಿರುಬೆರಳಿನಲ್ಲಿ ತಮ್ಮ ಕಣ್ಣಿನ ಕಾಡಿಗೆ ತೆಗೆದು ಮಂಜನ ಎಡಕಿವಿಯ ಹಿಂದೆ ಒಂದು ಬೊಟ್ಟು ಇಟ್ಟರು. "ಕೆಟ್ಟ ಮಗು" ಎಂದರು. ಅನ್ನುತ್ತಿದ್ದ ಹಾಗೆ ಕಣ್ಣಿನಿಂದ ನೀರು ಸುರಿಯಿತು, ಕಾಡಿಗೆಯೆಲ್ಲ ಕೆನ್ನೆಗೆ ಇಳಿಯಿತು. ನೀರು ತೋರಿಸುತ್ತಿರುವುದು ಪ್ರೀತಿ, ಬಾಯಿ ಆಡುತ್ತಿರುವುದು ಬೈಗುಳ. ಯಾವುದನ್ನು ನಂಬಲಿ? ರೈಲು ಹೋಯಿತು. ಆಮೇಲೆ ಒಂದು ಸುದ್ದಿಯಿಲ್ಲ, ಕಾಗದವಿಲ್ಲ. ಬದುಕಿದ್ದಾರೋ ಇಲ್ಲವೋ ಗೊತ್ತಿಲ್ಲ. ಇಪ್ಪತ್ತೆಂಟು ವರ್ಷ ಆ ಕಾಡಿಗೆಯ ಕೆನ್ನೆ ಒಂದೊಂದು ಸಲ ನೆನಪಾಗುತ್ತಿತ್ತು. ಲೋಟ ತೊಳೆಯುವಾಗ ತಳದ ಗೀರಿಗೆ ಬೆರಳು ತಾಗಿದರೆ, ‘ಯಾಕೆ ಹಂಗಂದ್ರಿ?’ ಎಂದು ಕೇಳಿಕೊಳ್ಳುತ್ತಿದ್ದೆ.

ಇನ್ನು ಇವತ್ತಿನದು.

ನಾಮಕರಣವೆಂದು ಇದೇ ಊರಿನ ಕೋಟೆ ಕಡೆಯಿಂದ ನಮ್ಮ ನಾದಿನಿ ಬಂದಿದ್ದಳು. ಅವಳ ಬಾಯಿ ಗೊತ್ತಿರುವುದೇ. "ಅತ್ತಿಗೆ, ನಿನ್ ಬೀಗತಿ ಬಂದು ಮೂತಿ ತಿರುಗಿಸಿದ್ರೆ ನಾನು ಸುಮ್ನಿರಲ್ಲ ನೋಡು" ಎಂದು ಮೊದಲೇ ಸೆರಗು ಕಟ್ಟಿ ಕೂತಿದ್ದಳು. ರಜೆಯ ಮೇಲೆ ಬಂದಿದ್ದ ಮಂಜ ಸ್ಟೇಷನ್ನಿನಿಂದ ಅತ್ತೆಯನ್ನು ಕರೆತಂದ. ಸಣ್ಣ ದೇಹ, ತಲೆಯ ಮೇಲೆ ಸೆರಗು. ಅದೇ ಸೆರಗು, ಹಿಂದಿನಿಂದ ಬಲಹೆಗಲ ಮೇಲೆ ಮುಂದಕ್ಕೆ! ಬೀಗತಿ ಮಗಳ ಮುಖ ನೋಡಲಿಲ್ಲ. ನೇರ ತೊಟ್ಟಿಲ ಹತ್ತಿರ ಹೋಗಿ ಬಗ್ಗಿ ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಹಿಂದಿಯಲ್ಲಿ, ಗಟ್ಟಿಯಾಗಿ:

"ಕೈಸಿ ಬದ್‌ಸೂರತ್ ಹೈ! ಕಾಲಿ. ಬಂದರಿಯಾ ಜೈಸಿ. ಕಿಸ್ ಕಾಮ್ ಕಿ?"

ಎಂಥಾ ಕುರೂಪಿ, ಕಪ್ಪು, ಕೋತಿಯ ಹಾಗಿದೆ, ಯಾವ ಕೆಲಸಕ್ಕೆ ಬಂತು ಇದು. ಅಷ್ಟು ಹಿಂದಿ ನಮ್ಮ ಮನೆಯಲ್ಲಿ ಎಲ್ಲರಿಗೂ ಬರುತ್ತದೆ. ಹೇತಲ್ ಮುಖ ಮುಚ್ಚಿಕೊಂಡು ಅಳಲು ಶುರು ಮಾಡಿದಳು.

"ಕೇಳಿದ್ಯಾ ಅತ್ತಿಗೆ?" ಎಂದು ನಾದಿನಿ ಎದ್ದೇಬಿಟ್ಟಳು. "ನಮ್ಮನೆ ಮಗೂನ ಕೋತಿ ಅಂತಾಳಲ್ಲ! ಇವಳೇನ್ ದೊಡ್ಡ ಅಪ್ಸರೆ!"

ಮಂಜನ ಮುಖ ಕೆಂಪಾಯಿತು. ಯಾವತ್ತೂ ದನಿ ಎತ್ತದ ಹುಡುಗ, "ಅಮ್ಮಾ, ಇವ್ರನ್ನ ಈಗ್ಲೇ ವಾಪಸ್ ಬಿಟ್ ಬರ್ತೀನಿ. ನನ್ ಹೆಂಡ್ತಿ ಅತ್ತಿದ್ದು ಸಾಕು" ಎಂದು ಬ್ಯಾಗಿಗೆ ಕೈ ಹಾಕಿದ. ಯಜಮಾನರೂ ಕುರ್ಚಿಯಿಂದ ಏಳುತ್ತಿದ್ದರು. ಹಿಂದೆ ಲೈನಿನಲ್ಲಿ ಎದ್ದರಲ್ಲ, ಥೇಟು ಹಾಗೇ.

ನಾನು ಮಾತ್ರ ಬೀಗತಿಯ ಕೈ ನೋಡುತ್ತಿದ್ದೆ. ಆ ಗಲಾಟೆ ತಮಗೆ ಸಂಬಂಧವೇ ಇಲ್ಲ ಎನ್ನುವ ಹಾಗೆ ಅವರು ಕಿರುಬೆರಳನ್ನು ಕಣ್ಣಿಗೆ ಒಯ್ದರು. ಕಾಡಿಗೆ ತೆಗೆದರು. ಮಗುವಿನ ತಲೆ ಮೆಲ್ಲಗೆ ಓರೆ ಮಾಡಿ ಎಡಕಿವಿಯ ಹಿಂದೆ ಒಂದು ಬೊಟ್ಟು ಇಟ್ಟರು.

ಭದ್ರಾವತಿ ಸ್ಟೇಷನ್ನು, ರೈಲು, ಕಾಡಿಗೆ ಇಳಿದ ಕೆನ್ನೆ. ನನ್ನ ಹೆಸರು! ನನ್ನ ಅವ್ವನಿಗೆ ಮಕ್ಕಳು ನಿಲ್ಲದೆ, ನಾನು ಹುಟ್ಟಿದಾಗ ತಿಪ್ಪೆಯ ಮೇಲೆ ಉರುಳಿಸಿ, ಬೇಡದ ಮಗು ಎಂದು ಸಾವಿಗೆ ಸುಳ್ಳು ಹೇಳಿ ಮನೆಗೆ ತಂದಿದ್ದರು. ಅದಕ್ಕೇ ನಾನು ತಿಪ್ಪಮ್ಮ. ನಮ್ಮಲ್ಲಿ ಹೆಸರಿಟ್ಟರೆ ಮುಗಿಯಿತು, ಎದುರಿಗೆ ನಿಂತು ಯಾರೂ ಬೈಯುವುದಿಲ್ಲ. ಅವರಲ್ಲಿ ಬೈಯುತ್ತಾರೆ! ಕೆಟ್ಟದ್ದು ಕೇಳಿಸಿಕೊಂಡು ದೂರ ಹೋಗಲಿ ಎಂದು ಗಟ್ಟಿಯಾಗಿ ಬೈಯುತ್ತಾರೆ!

ಎದ್ದು ತೊಟ್ಟಿಲ ಹತ್ತಿರ ಹೋದೆ. ನನಗೆ ಬರುವ ಹರಕು ಹಿಂದಿಯಲ್ಲಿ, "ಹಾಂ ಬೀಗತಿ, ಏಕ್‌ದಮ್ ಬಂದರ್. ನಾಕ್ ತೋ ಬದನೆಕಾಯಿ. ಹಮ್‌ಕೋ ನಕ್ಕೋ, ತಿಪ್ಪೆ ಮೇಲೆ ಫೇಕ್ ದೇಂಗೆ" ಎಂದೆ. ಹೌದು, ಥೇಟು ಕೋತಿ, ಮೂಗಂತೂ ಬದನೆಕಾಯಿ, ನಮಗೆ ಬೇಡ, ತಿಪ್ಪೆ ಮೇಲೆ ಎಸೆಯುತ್ತೇವೆ ಎಂದು.

"ಅತ್ತಿಗೇ!" ಎಂದು ನಾದಿನಿ ಎದೆ ಮುಟ್ಟಿಕೊಂಡಳು. "ನಿಂಗೇನಾಯ್ತೇ?"

ಬೀಗತಿ ತಲೆ ಎತ್ತಿದರು. ನನ್ನನ್ನು ನೋಡಿದರು. ಮೊದಲು ನಗು ಬಂತು, ನಗುತ್ತ ನಗುತ್ತ ಅಳು ಬಂತು. ಹೇತಲ್ ಮುಖದಿಂದ ಕೈ ತೆಗೆದಳು. ಅವಳು ಅಳುತ್ತಿದ್ದದ್ದು ನೋವಿಗಲ್ಲ. "ನಮ್ಮ ಬಾ ನಾವು ಬೇಡ ಅಂದ್ಕೊಂಡಿದ್ರೆ ಬೈತಾನೇ ಇರ್ಲಿಲ್ಲಮ್ಮಾ," ಎಂದಳು ತಾನು ಕಲಿತಷ್ಟು ಕನ್ನಡದಲ್ಲಿ. ಬಾ ಎಂದರೆ ಅವರಲ್ಲಿ ತಾಯಿ. "ಚಂದ ಇದೆ ಅಂದಿದ್ರೆ ನಂಗೆ ಭಯ ಆಗ್ತಿತ್ತು. ಹೊರಗಿನವರು ಹಂಗೆ ಹೇಳೋದು. ನಮ್ಮಜ್ಜಿ ನನ್ನೂ ಹಿಂಗೇ ಬೈದಿದ್ರಂತೆ. ಬಾ ಅವರ ತಮ್ಮನ ಹೆಸರೇ ಕಚರಾ."

ಕಚರಾ! ಮುಚ್ಚಿದ ಬಾಗಿಲ ಸಂದಿಯಲ್ಲಿ ಕಂಡ ಆ ಪುಸ್ತಕ ನನ್ನ ಕಣ್ಣ ಮುಂದೆ ಬಂತು. ನನ್ನ ಹೆಸರು ತಿಪ್ಪೆ, ಅಲ್ಲಿಯವರ ಹೆಸರು ಕಚರಾ, ಎರಡೂ ಒಂದೇ ಎಂದು ಹೇಳಲು ಬಂದಿದ್ದರು. ತಮ್ಮ ಮಗುವನ್ನು ದಿನಾ ಚಂದ ಎಂದು ಹೊಗಳಿ ಕಳೆದುಕೊಂಡೆ ಎಂದುಕೊಂಡ ತಾಯಿ, ನನ್ನ ಮಗು ಉಳಿಯಲಿ ಎಂದು ಬೈಗುಳ ಬಾಯಿಪಾಠ ಮಾಡಿಕೊಂಡು ಬಂದಿದ್ದರು. ನಾನು ಬಾಗಿಲು ಹಾ‌ಕಿದೆ.

ಅವರು ಬೈದದ್ದಕ್ಕೇ ಮಂಜ ಉಳಿದನೋ? ಹಾಗೆಂದರೆ ಡಾಕ್ಟರು ನಗುತ್ತಾರೆ. ಹೊಗಳಿದ್ದಕ್ಕೆ ಅವರ ಮಗು ಹೋಯಿತೋ? ಅದನ್ನು ನಾನು ನಂಬುವುದಿಲ್ಲ, ನಂಬಲೂಬಾರದು. ಆದರೆ ಇಲ್ಲಿ ಹೆಂಗೆ ಎಂದು ಕೇಳಿ ಕೇಳಿ ಬರೆದುಕೊಳ್ಳುತ್ತಿದ್ದ ಆ ಹೆಂಗಸು, ಅವತ್ತು ಒಂದು ಸಲ ಮಾತ್ರ ಯಾಕೆ ಕೇಳದೆ ಆಡಿದರು? ಕೇಳಿದ್ದರೆ ನಾನು, "ಇಲ್ಲಿ ಹಂಗೆ ಅನ್ನಬಾರದು" ಎನ್ನುತ್ತಿದ್ದೆ, ಅವರು ಅನ್ನುತ್ತಿರಲಿಲ್ಲ. ಬಹುಶಃ ಅದಕ್ಕೇ ಕೇಳಲಿಲ್ಲವೋ ಏನೋ. ತಲೆ ಗಿರ್ರೆನ್ನುತ್ತದೆ. ಮಂಜನಿಗೆ ಇದನ್ನೆಲ್ಲ ಹೇಳಿದೆ. ಅವನು ತನ್ನ ಎಡಕಿವಿಯ ಹಿಂದೆ ಕೈ ಆಡಿಸಿಕೊಂಡ.

ಬೀಗತಿ ಮಗುವನ್ನು ಮಡಿಲಿಗೆ ತೆಗೆದುಕೊಂಡರು. ಆಮೇಲೆ ಮಗಳ ತಲೆಯನ್ನೂ ಆ ಮಡಿಲಿಗೇ ಎಳೆದುಕೊಂಡರು. ಮಗುವಿಗೆ ಏನು ಹೆಸರು ಎಂಬ ಮಾತು ಬಂತು. "ಇಬ್ರು ಸೇರಿ ತಿಪ್ಪೆ ಕಸ ಅಂತ ಇಟ್ಬಿಡಿ" ಎಂದರು ಯಜಮಾನರು. ಹೇತಲ್ ಜೋರಾಗಿ ನಕ್ಕಳು. ಎರಡೂವರೆ ತಿಂಗಳಿಂದ ನಮ್ಮ ಮನೆಯಲ್ಲಿದ್ದಾಳೆ, ಅವಳ ನಗು ಹೀಗಿದೆ ಎಂದು ನನಗೆ ಇವತ್ತೇ ಗೊತ್ತಾದದ್ದು. ಗೌರಿ ಎಂದು ಇಟ್ಟೆವು. ಬೈಯಲು ನಾವಿಬ್ಬರು ಅಜ್ಜಿಯರಿದ್ದೇವಲ್ಲ, ಹೆಸರಾದರೂ ಚೆನ್ನಾಗಿರಲಿ.

ಸಂಜೆ ಎಲ್ಲರಿಗೂ ಒಟ್ಟಿಗೆ ಎಲೆ ಹಾಕಿದೆ. ಅಕ್ಕಿ ರೊಟ್ಟಿ, ಎಣ್ಣೆಗಾಯಿ, ಕೋಸಂಬರಿ, ಅನ್ನ ಸಾರು, ಶಾವಿಗೆ ಪಾಯಸ. ಬೀಗತಿ ಎಲೆಯ ಮುಂದೆ ಕೂತರು, ಕೈ ಮಾತ್ರ ಮಡಿಲಲ್ಲೇ ಇತ್ತು. ನೀರೂ ಮುಟ್ಟಲಿಲ್ಲ. ಬೆಳಿಗ್ಗೆಯಿಂದ ಅವರು ನೀರು ಕುಡಿದದ್ದನ್ನು ನಾನು ನೋಡಿರಲೇ ಇಲ್ಲ. ನಾದಿನಿ ನನ್ನನ್ನು ಮೊಣಕೈಯಲ್ಲಿ ತಿವಿದಳು: "ನೋಡ್ದಾ, ನಮ್ಮನೆ ಅನ್ನ ಸೇರಲ್ಲ ಅಂತ."

"ಸುಮ್ನಿರೇ," ಎಂದೆ. ಹೇತಲ್ ಕಡೆ ತಿರುಗಿ, "ನಿಮ್ಮಲ್ಲಿ ಹೆಂಗಮ್ಮಾ?" ಎಂದು ಕೇಳಿದೆ.

ಹೇತಲ್ ತಲೆ ತಗ್ಗಿಸಿದಳು. "ನಮ್ಮ ಕಡೆ ಮಗಳನ್ನ ಕೊಟ್ಟ ಮನೇಲಿ ತಾಯಿ ನೀರೂ ಕುಡಿಯಲ್ಲಮ್ಮಾ."

ಅಷ್ಟರಲ್ಲಿ ಬೀಗತಿ ಅವಳ ಕಿವಿಯಲ್ಲಿ ಏನೋ ಹೇಳಿದರು. ಅವಳು ನನ್ನನ್ನು ನೋಡಿದಳು.

"ಏನಂತೆ?"

"ಬಾ ಕೇಳ್ತಿದ್ದಾರೆ... ಇಲ್ಲಿ ಹೆಂಗೆ ಅಂತ."

ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

"ಹೇಳು," ಎಂದೆ. "ಇಲ್ಲಿ ಬೀಗರು ಉಣ್ಣದೆ ಎದ್ರೆ ಮನೆಯವರ್ಯಾರೂ ಉಣ್ಣಲ್ಲ ಅಂತ ಹೇಳು. ಹಸಿದು ಮಲಗೋದು ಆರು ಜನ ಅಂತ ಹೇಳು."

ಹೇತಲ್ ಹೇಳಿದಳು. ಬೀಗತಿ ಎಲ್ಲರ ಮುಖ ಒಂದೊಂದಾಗಿ ನೋಡಿದರು. ಸೆರಗು ಸರಿ ಮಾಡಿಕೊಂಡರು. ಅನ್ನಕ್ಕೆ ಕೈ ಹಾಕಿದರು. ಸಾರಿನ ಮೊದಲ ತುತ್ತಿಗೆ ಮುಖ ಸ್ವಲ್ಪ ಕಿವುಚಿದರು. ನಾನು ಒಳಗೆ ಹೋಗಿ ಬೆಲ್ಲದ ಚೂರು ತಂದು ಅವರ ಸಾರಿಗೆ ಹಾಕಿದೆ. "ಅದನ್ಯಾರೇ ಹೇಳ್ಕೊಟ್ರು ನಿಂಗೆ?" ಎಂದಳು ನಾದಿನಿ. ಯಜಮಾನರು ಪಾಯಸ ಸುರಿಯುತ್ತಿದ್ದರು, ಮಂಜ ಅತ್ತೆಯ ಎಲೆಗೆ ರೊಟ್ಟಿ ಹಾಕಿದ, ಹೇತಲ್ ಗೋಡೆ ನೋಡದೆ ಉಂಡಳು, ಗೌರಿ ತೊಟ್ಟಿಲಲ್ಲಿ ಕೂಗುತ್ತಿದ್ದಳು.

ನೀರು ಬೇಕೆಂದು ಬೀಗತಿ ಸನ್ನೆ ಮಾಡಿದರು. ನಾನು ಮೇಲಿನ ಗೂಡಿನಿಂದ ಆ ಎರಡು ಲೋಟ ತೆಗೆದೆ. ನಾದಿನಿ ಚೊಂಬು ಹಿಡಿದು ನಿಂತು, "ಅತ್ತಿಗೆ, ಇದ್ರಲ್ಲಿ ನಿಂದ್ಯಾವ್ದು, ಅವರದ್ಯಾವ್ದು?" ಎಂದಳು.

ತಿರುಗಿಸಿ ತಳ ನೋಡಿದೆ. ಎರಡಕ್ಕೂ ಗೀರು.

"ಯಾವ್ದಕ್ಕಾದ್ರೂ ಹುಯ್ಯಿ ಮಾರಾಯ್ತಿ," ಎಂದೆ. ಅವಳು ಎರಡಕ್ಕೂ ಹುಯ್ದಳು. ಬೀಗತಿ ಒಂದನ್ನು ತೆಗೆದುಕೊಂಡರು, ನಾನು ಇನ್ನೊಂದನ್ನು ತೆಗೆದುಕೊಂಡೆ.